ಬೋರಯ್ಯನ ಬಾಕಿ ಆಟಗಳು

ಮೂರು ಪ್ರತಿ ಇರುತ್ತೆ, ನೆತ್ತಿ ಮೇಲೆ ಮೊಹರು ಇರುತ್ತೆ, ದಾರ ಸುತ್ತಿ ಬಿಟ್ಟರೆ ಗಿರ್ರನೆ ತಿರುಗುತ್ತೆ, ಆಮೇಲೆ ಕಡತದೊಳಗೆ ಮಲಗುತ್ತೆ. ಏನದು? ತಲೆ ಕೆರೆದುಕೊಳ್ಳಬೇಡಿ. ಮದ್ದೂರಿನ ಮೇಷ್ಟರಿಗೇ ಗೊತ್ತಾಗಲಿಲ್ಲ, ನಿಮಗೆಲ್ಲಿ ಗೊತ್ತಾಗಬೇಕು.

ಸಾವಿರದ ಒಂಬೈನೂರ ನಲವತ್ತೆರಡನೇ ಇಸವಿಯಲ್ಲಿ ಮದ್ದೂರಿನ ಪ್ರಜಾ ಹವ್ಯಾಸ ಕಚೇರಿಯು ಸುಸ್ಥಿತಿಯಲ್ಲಿ ನಡೆಯುತ್ತಿತ್ತು. ಯಾವ ವಯಸ್ಸಿನವರು ಯಾವ ಆಟ ಆಡತಕ್ಕದ್ದು ಎಂದು ನಿಗದಿ ಮಾಡುವುದು, ವಯಸ್ಸು ಮೀರಿ ಸಂತೋಷಪಟ್ಟವರಿಗೆ ನೋಟೀಸು ಕೊಡುವುದು ಅದರ ಕೆಲಸ. ಬಾಗಿಲಲ್ಲಿ ಪಟ್ಟಿ ತೂಗುಹಾಕಿತ್ತು. ಹನ್ನೆರಡರವರೆಗೆ ಬುಗುರಿ, ಇಪ್ಪತ್ತರವರೆಗೆ ಗಾಳಿಪಟ, ಇಷ್ಟವಿದ್ದರೆ ಸೈಕಲ್ಲು, ನಲವತ್ತರವರೆಗೆ ಕೋಲಾಟ, ಅರವತ್ತರವರೆಗೆ ಚೌಕಾಬಾರ. ಅರವತ್ತು ದಾಟಿದವರು ಜಗಲಿ ಮೇಲೆ ಕೂತು, ಬೇರೆಯವರ ಆಟ ಸರಿಯಿಲ್ಲವೆಂದು ಹೇಳತಕ್ಕದ್ದು.

ಚಿಕ್ಕರಸಿನಕೆರೆಯ ಬೋರಯ್ಯನಿಗೆ ಅರವತ್ತೊಂದು. ಅವನಿಗೆ ಜಗಲಿ ಬೇಡ, ಸೈಕಲ್ಲು ಬೇಕು. ಮದ್ದೂರಿನಿಂದ ಶಿಂಷಾ ಸೇತುವೆವರೆಗೆ ಒಂದೇ ಒಂದು ಸಲ ತಾನೇ ತುಳಿದುಕೊಂಡು ಹೋಗಬೇಕು, ಪಂಚೆ ಪಟಪಟ ಅನ್ನಬೇಕು. ಆದರೆ ನಾಟಿವೈದ್ಯ ಅವನ ಎಡಮಂಡಿ ಒತ್ತಿನೋಡಿ, "ಯುಗಾದಿಗಂಟ ಮಡಚ್ತದೆ. ಆಮೇಕೆ ನಾ ಜವಾಬ್ದಾರನಲ್ಲ" ಅಂದಿದ್ದ. ಆಗಲೇ ದೀಪಾವಳಿ ಕಳೆದಿತ್ತು.

ಸೈಕಲ್ ಅಂಗಡಿಯ ಅಫ್ಸರ್ ಪಾಷಾ ಕಲಿಸಲು ತಯಾರಿದ್ದ. ಯುದ್ಧದ ದೆಸೆಯಿಂದ ಟ್ಯೂಬು ಸಿಗದೆ, ಟೈರಿನೊಳಕ್ಕೆ ಹಗ್ಗ ತುರುಕಿದ್ದ ಸೈಕಲ್ಲದು.

"ಪರವಾನಗಿ ತಂದ್ಬುಡಿ ಬೋರಣ್ಣ. ಹೋದ ತಿಂಗ್ಳು ಒಬ್ಬ ಮುದುಕಪ್ಪ ಬೆಲ್ ಬಾರಿಸಿ ನಕ್ಕ ಅಂತ ನಂಗೇ ನೋಟೀಸ್ ಬಂತು" ಅಂದ ಪಾಷಾ.

ಕಚೇರಿಯ ಗುಮಾಸ್ತ ಹೊನ್ನಯ್ಯ ನಿಯಮಾವಳಿ ಬಿಡಿಸಿದ. ಹಿಂದಿನ ವಯಸ್ಸಿನ ಆಟಗಳನ್ನೆಲ್ಲ ಪೂರೈಸಿದವರು ಯಾವ ವಯಸ್ಸಿನಲ್ಲಾದರೂ ಸೈಕಲ್ ಕಲಿಯಬಹುದೆಂದು ಹದಿನಾಲ್ಕನೇ ನಿಯಮ ಹೇಳುತ್ತಿತ್ತು.

"ಬುಗುರಿ ಆಡಿದ್ದೀರಾ?"

"ಎಮ್ಮೆ ಕಾಯ್ತಿದ್ದೆ ಕಣಪ್ಪ."

"ಗಾಳಿಪಟ?"

"ಏತ ಹೊಡೀತಿದ್ದೆ."

"ಕೋಲಾಟ?"

"ಗಾಣಕ್ಕೆ ಕಬ್ಬು ಕೊಡ್ತಿದ್ದೆ."

"ಚೌಕಾಬಾರ?"

"ಮಕ್ಳ ಮದ್ವೆ ಮಾಡ್ತಿದ್ದೆ."

ಹೊನ್ನಯ್ಯ ಲೇಖನಿ ಕೆಳಗಿಟ್ಟ. "ಒಂದಾಟಾನೂ ಆಡ್ದೆ ಅರವತ್ತೊಂದಕ್ಕೆ ಬಂದ್ಬುಟ್ಟಿದ್ದೀರಲ್ಲ. ಇದು ಕಚೇರಿಗೆ ಮಾಡಿದ ಮೋಸ. ನಾಲ್ಕು ಆಟ ಬಾಕಿ, ಒಂದೊಂದಕ್ಕೆ ತೊಂಬತ್ತು ದಿನ. ಮೊದ್ಲು ಬುಗುರಿ. ಬುಗುರಿ ಮೂರು ಪ್ರತಿ ತನ್ನಿ, ನೆತ್ತಿ ಮೇಲೆ ಮೊಹರು ಹಾಕ್ಕೊಡ್ತೀನಿ."

ಬೋರಯ್ಯ ಜಗಲಿ ಕೆಳಗೆ ನಿಂತು ಸರ್ಕಾರಿ ಬುಗುರಿಗೆ ದಾರ ಸುತ್ತತೊಡಗಿದ. ಹೆಂಡತಿ ಮಂಗಳಮ್ಮ ಮೊರ ಕೆಳಗಿಟ್ಟು ನೋಡಿದಳು.

"ಮೊಮ್ಮಗ ಕೇಳ್ತಾವ್ನೆ, ತಾತಂಗೆ ಯಾವಾಗ ಹಲ್ಲು ಬತ್ತದೆ ಅಂತ."

"ಸುಮ್ಕಿರಮ್ಮಿ. ಬಾಲ್ಯ ಮುಗಿಸ್ತಾ ಇವ್ನಿ."

ಹತ್ತು ದಿನಕ್ಕೆ ಲೆಕ್ಕ ಅವನಿಗೇ ಹತ್ತಿತು. ಹೀಗೇ ಆಡಿದರೆ ಸೈಕಲ್ ಬರುವ ಹೊತ್ತಿಗೆ ಮಂಡಿ ಇರುವುದಿಲ್ಲ. ಮತ್ತೆ ಕಚೇರಿಗೆ ಹೋದ.

"ಗುಮಾಸ್ತರೇ, ನಾಟಿಗೆ ಮುಯ್ಯಾಳು ಬತ್ತಾರೆ. ಇವತ್ತು ನನ್ ಗದ್ದೆಗೆ ಅವ್ರು, ನಾಳೆ ಅವ್ರ್ ಗದ್ದೆಗೆ ನಾನು. ಆಟಕ್ಯಾಕೆ ಬರಬಾರ್ದು?"

ಹೊನ್ನಯ್ಯ ಮೂರು ದಿನ ನಿಯಮಾವಳಿ ಹುಡುಕಿದ. ಮುಯ್ಯಿ ಕೂಡದೆಂದು ಎಲ್ಲೂ ಇರಲಿಲ್ಲ. ಹವ್ಯಾಸಾಧಿಕಾರಿಗಳು ಷರಾ ಬರೆದರು: "ನಿಷೇಧಿಸದೇ ಇರುವುದನ್ನು ಮರೆತಿದ್ದೇವೆಂದು ತಿಳಿಯದೆ, ಪ್ರೋತ್ಸಾಹಿಸಿದ್ದೇವೆಂದು ತಿಳಿಯತಕ್ಕದ್ದು."

ಮಾರನೆಯ ದಿನ ಚಿಕ್ಕರಸಿನಕೆರೆಯಿಂದ ನಲವತ್ತು ಜನ ಬಂದು ಬೋರಯ್ಯನ ಬಾಲ್ಯವನ್ನು ಮಧ್ಯಾಹ್ನದೊಳಗೆ ಮುಗಿಸಿದರು. ವಾರದಲ್ಲಿ ಯೌವನವೂ ಮುಗಿಯಿತು. ಕೋಲಾಟಕ್ಕೆ ಕೋಲು ಸಾಲದೆ ಒನಕೆ ತಂದರು. ಹೊನ್ನಯ್ಯನೂ ಬುಗುರಿ ಬಿಟ್ಟ. ಅಧಿಕಾರಿಗಳು ಖುದ್ದು ಒಂದು ಬಾರಿ ಚೌಕಾಬಾರ ಆಡಿ ಸೋತರು.

ಆದರೆ ಮುಯ್ಯಿ ಅಂದಮೇಲೆ ತೀರಿಸಬೇಕು. ತಪ್ಪಿಸಿಕೊಂಡವನ ಗದ್ದೆಗೆ ಆಮೇಲೆ ಕಾಗೆಯೂ ಇಳಿಯುವುದಿಲ್ಲ. ಬೋರಯ್ಯ ಮನೆಮನೆಗೆ ಹೋಗಿ ಅವರವರ ಹವ್ಯಾಸ ಮಾಡತೊಡಗಿದ. ಬೆಟ್ಟಮ್ಮನ ಅಂಗಳದಲ್ಲಿ ರಂಗೋಲಿ ಹಾಕಿದ. ನಿಂಗಯ್ಯನ ಮೀಸೆಯನ್ನು ದಿನಕ್ಕೆ ಅರ್ಧ ಗಂಟೆ ತಿರುವಿದ. ಹೊನ್ನಯ್ಯನ ಪರವಾಗಿ ಅವನ ಅತ್ತೆಯ ಜೊತೆ ಜಗಳವಾಡಿದ; ಅದನ್ನು ಹೊನ್ನಯ್ಯ ತನ್ನ ಹವ್ಯಾಸವೆಂದೇ ನೋಂದಾಯಿಸಿದ್ದ.

ಹೀಗೆ ಯುಗಾದಿಯ ಹಿಂದಿನ ದಿನ ಬಂತು. ಊಟದ ಹೊತ್ತಿಗೆ ಪರವಾನಗಿಯೂ ಬಂತು. ಅದರಲ್ಲಿ "ಈ ದಿನ ಸೂರ್ಯಾಸ್ತದವರೆಗೆ ಮಾತ್ರ" ಎಂದಿತ್ತು. ಬೋರಯ್ಯ ಕಾಗದವನ್ನು ಕಣ್ಣಿಗೊತ್ತಿಕೊಂಡ. ಪಾಷಾ ಸೈಕಲ್ ಒರೆಸಿ ಕಚೇರಿ ಮುಂದೆ ನಿಲ್ಲಿಸಿದ.

"ಬೋರಯ್ಯನೋರೆ," ಅಂದ ಹೊನ್ನಯ್ಯ, "ಇವತ್ತು ನೀವು ಸಾಹೇಬರ ಮುಯ್ಯಿ ತೀರಿಸೋ ದಿನ."

ಅಧಿಕಾರಿಗಳ ಹವ್ಯಾಸ ಮಧ್ಯಾಹ್ನದ ನಿದ್ದೆ. ಊಟದಿಂದ ದೀಪ ಹಚ್ಚುವವರೆಗೆ.

ಬೋರಯ್ಯ ಸೈಕಲ್ಲನ್ನು ನೋಡಿದ, ಒಳಗಿದ್ದ ಸಾಹೇಬರ ಕುರ್ಚಿಯನ್ನು ನೋಡಿದ, ಮಂಡಿ ಸವರಿಕೊಂಡ.

"ನಾಳಿಕ್ ಮನಗಿದ್ರೆ ಆಗಾಕಿಲ್ವಾ?"

"ಸಾಹೇಬರು ದಿನಾ ಮಲಗ್ತಾರೆ. ನಡುವೆ ಬಿಟ್ರೆ ಹವ್ಯಾಸ ಕೆಡುತ್ತೆ."

ಬೋರಯ್ಯ ಕುರ್ಚಿಯಲ್ಲಿ ಒರಗಿ ಕಣ್ಣು ಮುಚ್ಚಿದ. ತಮ್ಮ ನಿದ್ದೆಯನ್ನು ಬೇರೊಬ್ಬರು ಮಾಡುತ್ತಿರುವುದರಿಂದ ಅಧಿಕಾರಿಗಳಿಗೆ ಮಾಡಲು ಏನೂ ಇರಲಿಲ್ಲ. ಅವರು ಹೊರಗೆ ಬಂದು, ಬೋರಯ್ಯನ ಮುಯ್ಯಾಳಾಗಿ ಸೈಕಲ್ ಹತ್ತಿದರು. ಪಾಷಾ ಹಿಂದಿನಿಂದ ಹಿಡಿದುಕೊಂಡು ಓಡಿದ. ಶಿಂಷಾ ಸೇತುವೆ ಮುಟ್ಟುವುದರೊಳಗೆ ಸಾಹೇಬರು ಮೂರು ಸಲ ಬಿದ್ದು ಮಂಡಿ ತರಚಿಕೊಂಡರು. ಕಾನೂನಿನ ಪ್ರಕಾರ ಅದು ಬೋರಯ್ಯನ ಮಂಡಿಯಾದ್ದರಿಂದ ಮಂಗಳಮ್ಮನೇ ಬಂದು ಹರಳೆಣ್ಣೆ ತಿಕ್ಕಿದಳು.

ದೀಪ ಹಚ್ಚಿದಾಗ ಬೋರಯ್ಯನನ್ನು ಎಬ್ಬಿಸಿ ಪ್ರಮಾಣಪತ್ರ ಓದಿದರು: "ಸದರಿ ಬೋರಯ್ಯ ಸೇತುವೆವರೆಗೆ ಸೈಕಲ್ ತುಳಿದು, ಮೂರು ಬಾರಿ ಬಿದ್ದು, ಪರಮಾನಂದಪಟ್ಟಿರುತ್ತಾನೆ."

"ಪಂಚೆ ಪಟಪಟ ಅಂತಾ?" ಕೇಳಿದ ಬೋರಯ್ಯ.

"ಸಾಹೇಬ್ರು ಪ್ಯಾಂಟು ಹಾಕಿದ್ರು" ಅಂದ ಪಾಷಾ. "ಆದ್ರೂ ಒಂದ್ಕಡೆ ಹರಿದು ಅಂತು."

"ಹಂಗಾದ್ರೆ ಸರಿ" ಅಂದ ಬೋರಯ್ಯ.

ಅಂದಿನಿಂದ ಸುತ್ತಲಿನ ಊರುಗಳಲ್ಲಿ ಯಾರೂ ತಮ್ಮ ಆಟ ತಾವು ಆಡುವ ಕಷ್ಟ ಇಟ್ಟುಕೊಳ್ಳಲಿಲ್ಲ. ಎಲ್ಲರಿಗೂ ಸಮಾಧಾನವಾಯಿತು. ಬೋರಯ್ಯ ಈಜಿಗೆ ಅರ್ಜಿ ಹಾಕಿದ. ಕೆರಗೋಡಿನಿಂದ ಆರು ಜನ ಮುಯ್ಯಾಳು ಬಂದು ಒದ್ದೆಯಾಗಿ ಹೋದರು.

ಬೋರಯ್ಯ ಕುರ್ಚಿಯಲ್ಲಿ ಕಣ್ಣು ಮುಚ್ಚುವವರೆಗೆ ಮಾತ್ರ ನಾನು ಕಿಟಕಿಯಲ್ಲಿ ನಿಂತು ನೋಡಿದ್ದು. ಅಲ್ಲಿಂದ ಮುಂದಿನದು ನಾನೇ ಕಟ್ಟಿದ್ದು. ಅಷ್ಟರಲ್ಲಿ ಹೊನ್ನಯ್ಯ ನನ್ನ ಕಿವಿ ಹಿಡಿದು ವಯಸ್ಸೆಷ್ಟೆಂದು ಕೇಳಿದ. ಹದಿನೈದು ಅಂದೆ. ಪಟ್ಟಿಯ ಹಿಂಬದಿ ತಿರುಗಿಸಿ ನೋಡಿ, ಸುಳ್ಳು ಹೇಳಲು ಇನ್ನೂ ನಾಲ್ಕು ವರ್ಷ ಅವಕಾಶವಿದೆಯೆಂದು ಮೊಹರು ಹಾಕಿಕೊಟ್ಟ.