ಮೂರು ಪ್ಲೇಟು, ಮೂರು ಕೂಸು

ಕೂಸುಗಳ ಫೋಟೋ ತೆಗೆಯುವವನಿಗೆ ನಗುವ ಪ್ರಸಂಗಗಳನ್ನು ಹುಡುಕಿಕೊಂಡು ಹೋಗುವ ಕೆಲಸವಿಲ್ಲ, ಅವೇ ಮನೆಗೆ ಕರೆಯುತ್ತವೆ. ಅಲುಗಾಡಬೇಡಿ ಅಂದರೆ ಕೂಸೊಂದೇ ಸುಮ್ಮನಿರುತ್ತದೆ, ಮನೆಮಂದಿಯೆಲ್ಲ ಅಲುಗಾಡುತ್ತಾರೆ.

ಪೊಲೀಸ್ ಆಕ್ಷನ್ ಮುಗಿದ ಹೊಸತು. ಬೀದರಿನಲ್ಲಿ ನನ್ನದೊಂದು ಸಣ್ಣ ಸ್ಟುಡಿಯೋ ಇತ್ತು. ಹೈದರಾಬಾದಿನಿಂದ ಫೋಟೋ ಮೂಡುವ ಗಾಜಿನ ಪ್ಲೇಟು ಬರುವುದು ನಿಂತಿತ್ತು. ನನ್ನ ಹತ್ತಿರ ಉಳಿದದ್ದು ಮೂರೇ. ಒಂದು ಪ್ಲೇಟಿಗೆ ಒಂದೇ ಫೋಟೋ, ಕೆಟ್ಟರೆ ಕೆಟ್ಟಿತು. ಅದರಲ್ಲೊಂದನ್ನು ಭಾಲ್ಕಿಯ ಒಬ್ಬ ಬಾಣಂತಿಗೆ ಮಾತು ಕೊಟ್ಟು ತೆಗೆದಿಟ್ಟಿದ್ದೆ. ಅವಳ ಗಂಡ ರಜಾಕಾರರ ಗಲಾಟೆಯಲ್ಲಿ ಸೊಲ್ಲಾಪುರದ ಕಡೆ ಹೋದವನು ಅಲ್ಲಿ ಕಾಲು ಮುರಿದುಕೊಂಡು ದವಾಖಾನೆಯಲ್ಲಿದ್ದ. ಮಗನಿಗೆ ಆರು ತಿಂಗಳಾದರೂ ಮುಖ ನೋಡಿರಲಿಲ್ಲ. “ಫೋಟೋನಾದ್ರೂ ಕಳಸ್ರಿ” ಅಂತ ಕಾಗದ ಹಾಕಿದ್ದ.

೧. ಬೆಳೆಯುವ ಶೇರ್ವಾನಿ

ಮೊದಲ ಪ್ಲೇಟು ಬೀದರಿನ ಅತ್ತರಿನ ವ್ಯಾಪಾರಿಯೊಬ್ಬರ ಮೊಮ್ಮಗನಿಗೆ ಹೋಯಿತು. ಫೋಟೋಕ್ಕೆಂದೇ ಜರಿಯ ಶೇರ್ವಾನಿ ಹೊಲಿಸಿದ್ದರು. ದರ್ಜಿ ದೂರದ ವಿಚಾರದ ಮನುಷ್ಯ. “ಬಚ್ಚಾ ಬೆಳೀತದ್ರಿ” ಅಂತ ಎರಡು ವರ್ಷಕ್ಕಾಗುವಷ್ಟು ಬಟ್ಟೆ ಬಿಟ್ಟಿದ್ದ. ತೊಡಿಸಿದರೆ ಕೂಸೇ ಇಲ್ಲ, ಕಾಲರಿನ ಮೇಲೆ ಬರೀ ಟೋಪಿ ಕೂತಿತ್ತು. ನಾನು ಬಟ್ಟೆಯನ್ನೆಲ್ಲ ಬೆನ್ನ ಹಿಂದೆ ಒಟ್ಟು ಮಾಡಿ, ಪಿನ್ನು ಹಚ್ಚಿ, ಕೂಸನ್ನು ಹೊರಗೆ ತಂದು ಫೋಟೋ ತೆಗೆದೆ.

ಆ ಫೋಟೋದ ಒಂದು ಪ್ರತಿಯನ್ನು ದರ್ಜಿ ಕೇಳಿ ಒಯ್ದು ಅಂಗಡಿಯಲ್ಲಿ ತೂಗುಹಾಕಿದ. ಬಂದವರಿಗೆಲ್ಲ, “ನನ್ನ ಫಿಟ್ಟಿಂಗ್ ನೋಡ್ರಿ ಸಾಬ್!” ಅನ್ನುತ್ತಿದ್ದ.

೨. ಓಣಿಯ ಬಂಗಾರ

ಎರಡನೆಯದಕ್ಕೆ ಔರಾದಿಗೆ ಹೋದೆ. ಬಸ್ಸಿನ ಕುಲುಕಾಟಕ್ಕೆ ಹೆದರಿ ಕ್ಯಾಮೆರಾದ ಪೆಟ್ಟಿಗೆಯನ್ನು ದಾರಿಯುದ್ದಕ್ಕೂ ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ಅಲ್ಲಿ ನೋಡಿದರೆ, ಕಿರಾಣಿ ಅಂಗಡಿಯವರ ಹೆಣ್ಣುಕೂಸಿಗೆ ಇಡೀ ಓಣಿಯೇ ಒಡವೆ ಕಡ ಕೊಟ್ಟಿತ್ತು. ಒಡವೆಯ ಜೊತೆ ಒಡತಿಯರೂ ಬಂದಿದ್ದರು. “ನಮ್ಮ ಸರ ಮ್ಯಾಲ ಬರ್ಲಿ” ಅಂತ ಒಬ್ಬಳು, “ನಮ್ಮ ಕಡಗ ಮುಚ್ಚಬ್ಯಾಡ್ರಿ” ಅಂತ ಇನ್ನೊಬ್ಬಳು. ಕೂಸು ಆ ಭಾರಕ್ಕೆ ಕೈಯೆತ್ತಲಾರದೆ ಗಪ್ಪಾಗಿ ಕೂತಿತು. ಅಷ್ಟು ಅಲುಗಾಡದ ಕೂಸನ್ನು ನಾನು ಮತ್ತೆ ನೋಡಿಲ್ಲ.

ಫೋಟೋ ಒಯ್ದು ಕೊಟ್ಟ ದಿನ ಅಷ್ಟೂ ಹೆಂಗಸರು ಮುಗಿಬಿದ್ದು, ತಮ್ಮ ತಮ್ಮ ಒಡವೆ ಗುರುತಿಸಿದರು. “ಕೂಸು ಚಂದ ಬಂದದೇನ್ರಿ?” ಅಂದೆ.

“ತಡೀರಿ, ಅದನ್ನ ಇನ್ನಾ ಯಾರೂ ನೋಡಿಲ್ಲ!”

೩. ಕೌದಿಯೊಳಗಿನ ಅಜ್ಜಿ

ಉಳಿದ ಒಂದೇ ಪ್ಲೇಟು ಹಿಡಿದು ಭಾಲ್ಕಿಗೆ ಹೋದೆ. ಆ ಬಾಣಂತಿ, ಮನೆಯ ಸೊಸೆ, ಕೂಸಿಗೆ ಎರೆದು, ತಲೆಗೆ ಕುಂಚಿಗೆ ಕಟ್ಟಿ, ಕೆನ್ನೆಗೆ ಕಾಡಿಗೆಯ ಬೊಟ್ಟು ಇಟ್ಟು ತಯಾರು ಮಾಡಿದ್ದಳು. ಆದರೆ ಕೂಸು ಅಜ್ಜಿಯ ತೊಡೆ ಬಿಟ್ಟರೆ ಕಿರುಚುತ್ತಿತ್ತು.

“ನೀವೂ ಕೂಡ್ರಿ ಅಮ್ಮಾ” ಅಂದೆ.

“ಬ್ಯಾಡ್ರಪ್ಪಾ. ಫೋಟೋ ತೆಗಿಸ್ಕೊಂಡ್ರ ಆಯುಷ್ಯ ಕಡಿಮಿ ಆಗ್ತದ. ಮಗ ಮನಿಗಿ ಬರೋತನಾ ನಾ ಇರಬೇಕು.”

“ಮತ್ತ ಕೂಸಿಂದು?”

“ಅದರ ಹಂತೇಲಿ ರಗಡ ಅದ. ನನ್ನ ಹಂತೇಲಿ ಉಳದದ್ದೇ ಸ್ವಲ್ಪ.”

ಕೊನೆಗೆ ಅಂಗಳದಲ್ಲಿ ಅಜ್ಜಿಯನ್ನು ಕೂಡಿಸಿ, ಮೇಲೆ ಕೌದಿ ಹೊದಿಸಿ, ತೊಡೆಯ ಮೇಲೆ ಕೂಸನ್ನಿಟ್ಟೆವು. ಕೌದಿಯೊಳಗೆ ಅವಳು, ಕ್ಯಾಮೆರಾದ ಕರಿ ಬಟ್ಟೆಯೊಳಗೆ ನಾನು. ಇಬ್ಬರಲ್ಲಿ ಯಾರನ್ನು ಮೊದಲು ಹುಡುಕುವುದು ಅಂತ ಕೂಸು ಅತ್ತ ಇತ್ತ ನೋಡಿ ನಕ್ಕಿತು. ಹೊರಗೆ ಬಂದು ಪ್ಲೇಟು ಹಾಕಿ, ಫೋಟೋ ಹೊಡೆಯುವ ರಬ್ಬರ್ ಬುಡ್ಡೆ ಅದುಮಿದೆ. ಅದೇ ಗಳಿಗೆಗೆ ಕೌದಿ ಸರಿಸಿ ಅಜ್ಜಿ ತಲೆ ಹೊರಹಾಕಿ ಕೇಳಿದಳು, “ಆಯ್ತೇನ್ರೀ?”

ಆಗಿತ್ತು. ಫೋಟೋದಲ್ಲಿ ಕೂಸು ನಗುತ್ತಿತ್ತು, ಅದರ ತಲೆಯ ಮೇಲೆ ಅಜ್ಜಿಯ ಬಾಯಿ ಇಷ್ಟಗಲ ತೆರೆದಿತ್ತು. ನನಗೆ ನಾಚಿಕೆಯಾಯಿತು. ಬೇರೆ ಪ್ಲೇಟಿಲ್ಲ. ಅಜ್ಜಿ ಫೋಟೋ ನೋಡಿ ಮೂರು ದಿನ ಆಯುಷ್ಯ ಎಣಿಸುತ್ತ ಮಲಗಿದಳಂತೆ. ಸೊಸೆ ಮಾತ್ರ ಕಣ್ಣು ಒರೆಸಿಕೊಂಡು, “ಇರಲಿ ಬಿಡ್ರಿ, ಇದನ್ನೇ ಕಳಸ್ತೇನಿ” ಅಂದಳು.

ಕೆಲವು ವಾರಗಳ ಮೇಲೆ ನನ್ನನ್ನು ಕರೆಸಿದರು. ಬೈಸಿಕೊಳ್ಳಲು ತಯಾರಾಗಿಯೇ ಹೋದೆ. ಸೊಸೆ ಗಂಡನ ಕಾರ್ಡನ್ನು ನಗುತ್ತ ಗಟ್ಟಿಯಾಗಿ ಓದಿದಳು.

“ಕೂಸು ಭಾಳ ಚಂದ ಅದ. ಲಕೋಟಿ ಒಡದ ಕೂಡ್ಲೆ ಅವ್ವನ ಬಾಯಿ ನೋಡಿದೆ. ಬೈಲಿಕತ್ತಾಳ ಅಂತ ತಿಳದು ಗಾಬರ್ಯಾಗಿ ಎದ್ದು ನಿಂತುಬಿಟ್ಟೆ. ಡಾಕ್ಟರ್ ಸಾಹೇಬ್ರು, ಕಾಲು ಕೂಡಿದ್ರೂ ಇಷ್ಟು ದಿನ ನಾನು ಎಬ್ಬಿಸಿದ್ರ ಏಳಲಿಲ್ಲಲ್ಲೋ ಅಂದ್ರು. ಈಗ ದಿನಾ ನಡೀಲಿಕತ್ತೀನಿ. ಮುಂದಿನ ತಿಂಗಳು ಬರ್ತೇನಿ.”

ಅಜ್ಜಿ ಸೆರಗಿನಿಂದ ಕಣ್ಣು ಒರೆಸಿಕೊಂಡು ತಟ್ಟನೆ ಎದ್ದಳು. ಅಂಗಳದ ನಡುವೆ ಬಂದು, ತಲೆಯ ಮೇಲೆ ಸೆರಗು ಸರಿ ಮಾಡಿಕೊಂಡು, ಕ್ಯಾಮೆರಾದ ಎದುರು ಕೂಡುವಂತೆ ನನ್ನೆದುರು ಕೂತಳು.

“ಇನ್ನೊಂದು ತೆಗೀರಿ. ಈ ಸಲ ಖರೇನ ಬೈತೇನಿ, ನಾಳಿಗೇ ಬರ್ಲಿ!”