ಮೂರು ಕೊಟೇಷನ್ನಿನ ಕೋವಿ

“ಗಲ್ಫಿನ ಪರ್ಚೇಸ್ ಚರಿತ್ರೆಯಲ್ಲೇ ಇಂಥದ್ದೊಂದು ಪರ್ಚೇಸ್ ಆಗಿಲ್ಲ, ಇನ್ನು ಆಗುವುದೂ ಇಲ್ಲ! ನೋಡ್ತಾ ಇರು!”

ಫಿಂಟಾಸ್ ಬಡಾವಣೆಯ ಬಾಡಿಗೆ ಫ್ಲ್ಯಾಟಿನ ಅಡುಗೆಮನೆ ಬಾಗಿಲಲ್ಲಿ ನಿಂತು ಭೋಜ ಹೀಗೆ ಘರ್ಜಿಸಿದಾಗ ಉಮಾವತಿ ಬಸಳೆಯ ದಂಟು ಕತ್ತರಿಸುತ್ತಿದ್ದಳು. ಇಪ್ಪತ್ತು ವರ್ಷಗಳ ದಾಂಪತ್ಯದಲ್ಲಿ ಇಂಥ ಘರ್ಜನೆಗಳನ್ನು ಕೇಳಿ ಕೇಳಿ ಅವಳ ಕಿವಿಗೆ ಜಡ್ಡು ಕಟ್ಟಿತ್ತು.

“ಈ ಸಲ ಎಂತ? ಪುನಃ ಪಿನ್ನೇ ಹೋಗದ ಸ್ಟೇಪ್ಲರಾ?”

“ಕೋವಿ!”

ಚಾಕು ನಿಂತಿತು.

ಭೋಜ ಶರ್ಕ್ ಪೇಟೆಯ ಒಂದು ಕಂಪನಿಯಲ್ಲಿ ಪರ್ಚೇಸ್ ಆಫೀಸರ್. ಗುಂಡುಸೂಜಿಯಿಂದ ಕ್ರೇನಿನವರೆಗೆ ಏನು ಬೇಕಾದರೂ ಮೂರು ಕೊಟೇಷನ್ ತರಿಸುವುದು, ಹೋಲಿಕೆ ಪಟ್ಟಿ ಮಾಡುವುದು, ಎಲ್ಲಕ್ಕಿಂತ ಕಡಿಮೆ ದರದ ಮೇಲೆ ಹಸಿರು ಬಣ್ಣ ಬಳಿಯುವುದು. ಇದು ಅವನ ಕಸುಬು, ವ್ರತ ಮತ್ತು ವೇದಾಂತ. ಕಂಪನಿಯ ಮಾಲೀಕ ಬೂ ನಾಸರ್ ಒಂದೇ ಟೀ ಬ್ಯಾಗನ್ನು ಎರಡು ಸಲ ಅದ್ದುವ ಮಹಾನುಭಾವ. ಅವರಿಗೆ ಬಾಸ್ನಿಯಾದ ಗುಡ್ಡದಲ್ಲಿ ಬೇಸಿಗೆ ಮನೆ, ಮನೆಯ ಹಿಂದೆ ಪ್ಲಮ್ ಹಣ್ಣಿನ ತೋಟ, ಆ ತೋಟಕ್ಕೆ ಕಾಡುಹಂದಿಗಳ ಕಾಟ. ಮೂರು ವರ್ಷ ಓಡಾಡಿ ಅಲ್ಲಿನ ಕೋವಿ ಲೈಸೆನ್ಸನ್ನೂ ಮಾಡಿಸಿಕೊಂಡಿದ್ದರು. ಇನ್ನು ಬೇಕಾಗಿದ್ದದ್ದು ಕೋವಿ ಮಾತ್ರ.

ಅದಕ್ಕೆ ಭೋಜನೇ ಏಕೆ? ತಪ್ಪು ಕೆಡ್ಡಸದ್ದು. ಫೆಬ್ರವರಿಯಲ್ಲಿ ಊರಿನ ಕೆಡ್ಡಸ ಹಬ್ಬದ ನೆನಪಿಗೆ ಉಮಾವತಿ ಮಾಡಿಕೊಟ್ಟ ಅಕ್ಕಿಹುಡಿ, ಬೆಲ್ಲದ ತಿಂಡಿಯನ್ನು ಆಫೀಸಿನಲ್ಲಿ ಹಂಚುತ್ತ ಭೋಜ ಅಕೌಂಟ್ಸಿನ ಆಲ್‌ಸ್ಟನ್‌ಗೆ ಹೇಳಿದ್ದ: “ಕೆಡ್ಡಸ ಅಂದ್ರೆ ಭೂಮಿತಾಯಿಗೆ ಮೂರು ದಿನ ವಿಶ್ರಾಂತಿ, ಗಂಡಸರಿಗೆ ಬೇಟೆ! ನಮ್ಮ ಮನೆತನದ ಈಡು ತಪ್ಪಿದ್ದೇ ಇಲ್ಲ ಮಾರಾಯ!”

ನಿಜಸಂಗತಿ ಏನೆಂದರೆ, ಭೋಜ ಜೀವನದಲ್ಲಿ ಒಂದೇ ಒಂದು ಸಲ ಬೇಟೆಗೆ ಹೋದದ್ದು, ಹತ್ತನೇ ವಯಸ್ಸಿನಲ್ಲಿ, ಬುತ್ತಿ ಹೊರಲು. ನಾಯಿಗಳು ಬೊಗಳಿದ ಕೂಡಲೇ ಗೇರುಮರ ಹತ್ತಿದವನನ್ನು ಇಳಿಸಲು ಮನೆಯಿಂದ ಏಣಿ ತರಬೇಕಾಯಿತು. ಹಂದಿ ಆ ಕಡೆ ಬಂದಿರಲೇ ಇಲ್ಲ. ಆದರೆ ಆಲ್‌ಸ್ಟನ್‌ನ ಬಾಯಿಂದ ಬೂ ನಾಸರರ ಕಿವಿಗೆ ಹೋಗುವಷ್ಟರಲ್ಲಿ ಭೋಜ ಏಳು ಹಂದಿಗಳನ್ನು ಕೆಡವಿ ಆಗಿತ್ತು.

“ಯಾ ಭೋಜ! ನೀನು ಶಿಕಾರಿ ಅಂತ ಹದಿನಾಲ್ಕು ವರ್ಷ ಮುಚ್ಚಿಟ್ಟೆಯಲ್ಲ!” ಎಂದು ಬೂ ನಾಸರ್ ಅವನನ್ನು ಒಳಗೆ ಕರೆದರು. “ಬೋಲ್ಟ್ ಆ್ಯಕ್ಷನ್ ಬಂದೂಕು ಬೇಕು. ಒಳ್ಳೆಯದು, ಆದರೆ ರಖೀಸ್, ಸಸ್ತಾ! ಅದಕ್ಕೆ ತಕ್ಕ ತೋಟೆ, ಕಾರ್ಟ್ರಿಜ್. ನನಗೆ ಭುಜ ನೋವು, ಹೊಡೆದಾಗ ಹಿಂದಕ್ಕೆ ಜಾಸ್ತಿ ಒದೆಯಬಾರದು. ಹಂದಿ ಬಿದ್ದರೆ ಮೇ ತಿಂಗಳ ರಜೆ ನಿನಗೆ. ಬೀಳದಿದ್ದರೆ ಖಲಾಸ್!”

ಮೇ ತಿಂಗಳ ರಜೆ! ಉಮಾವತಿಯ ಅಣ್ಣನ ಮಗಳು ಸುಪ್ರೀತಾಳ ಮದುವೆ ಮೇ ಹನ್ನೊಂದಕ್ಕೆ. ಆ ತಿಂಗಳ ರಜೆಯನ್ನು ಆಲ್‌ಸ್ಟನ್ ಮೊದಲೇ ಹೊಡೆದುಕೊಂಡಿದ್ದ. ಇಬ್ಬರಿಗೂ ಒಟ್ಟಿಗೆ ಕೊಡುವ ಪದ್ಧತಿ ಕಂಪನಿಯಲ್ಲಿ ಇರಲಿಲ್ಲ. ಸೋದರತ್ತೆ ಗಂಡನಿಲ್ಲದೆ ಒಬ್ಬಳೇ ಬಂದರೆ ಚಪ್ಪರದ ಕೆಳಗೆ ಕೂತವರು ಊಟಕ್ಕೆ ಮೊದಲು ಅದನ್ನೇ ಜಗಿಯುತ್ತಾರೆ. ಹೀಗಾಗಿ ಈ ಮನೆಯ ಮಾನ ಈಗ ಬಾಸ್ನಿಯಾದ ಒಂದು ಹಂದಿಯ ಕೈಯಲ್ಲಿತ್ತು.

“ಬೋಲ್ಟ್ ಆ್ಯಕ್ಷನ್ ಅಂದ್ರೆ ಗೊತ್ತುಂಟಾ ನಿನಗೆ?” ಭೋಜ ಉಪನ್ಯಾಸ ಶುರುಮಾಡಿದ. “ಪ್ರತಿ ಸಲ ಹೊಡೆಯುವಾಗಲೂ ಕೈಯಲ್ಲೇ ಚಿಲಕ ಎಳೆದು, ದೂಡಿ, ಮಡಚಬೇಕು.”

“ನಮ್ಮ ಬಾತ್‌ರೂಮಿನ ಚಿಲಕದ ಹಾಗೆ?”

“ಹೆಚ್ಚುಕಡಿಮೆ ಹಾಗೇ.”

“ಅದು ಆರು ತಿಂಗಳಿಂದ ಬೀಳ್ತಾ ಇಲ್ಲ. ಒಳಗೆ ಹೋದವರು ಹಾಡು ಹೇಳ್ತಾ ಕೂತ್ಕೊಳ್ಬೇಕು. ಅದನ್ನು ಸರಿ ಮಾಡ್ಲಿಕ್ಕೆ ಆಗದವರು ಕೋವಿಯ ಚಿಲಕ ಆರಿಸ್ಲಿಕ್ಕೆ ಹೊರಟ್ರಿ!”

ಹೀಗೆ ಹೇಳುವ ಅಧಿಕಾರ ಉಮಾವತಿಗೆ ಸ್ವಲ್ಪ ಇತ್ತು. ಅವಳ ತಂದೆಗೆ ಬೆಳೆ ಕಾಯುವ ಲೈಸೆನ್ಸ್ ಕೋವಿ ಇತ್ತು. ಚುನಾವಣೆ ಬಂದಾಗಲೆಲ್ಲ ಅದನ್ನು ಠಾಣೆಗೆ ಒಪ್ಪಿಸಲು ತಂದೆಯ ಜೊತೆ ಬಸ್ಸಿನಲ್ಲಿ ಹೋಗುತ್ತಿದ್ದವಳು ಅವಳು. ಮಳೆಗಾಲದಲ್ಲಿ ತೋಟೆಗಳಿಗೆ ತೇವ ತಾಗದ ಹಾಗೆ ಅಕ್ಕಿ ಡಬ್ಬದಲ್ಲಿ ಹುಗಿದಿಡುತ್ತಿದ್ದವಳೂ ಅವಳೇ. ಅವಳು ಕೊನೆಯ ದಂಟು ಕತ್ತರಿಸಿ ಹೇಳಿದಳು: “ನೋಡಿ, ಅಪ್ಪ ಹೇಳ್ತಿದ್ದದ್ದು ಒಂದೇ ಮಾತು. ಮೊದಲು ತೋಟೆ ಯಾವುದು ಅಂತ ನಿಶ್ಚಯ ಮಾಡ್ಬೇಕು. ಆಮೇಲೆ ಅದಕ್ಕೆ ಹೇಳಿ ಮಾಡಿಸಿದ ಕೋವಿ. ಎರಡನ್ನೂ ಒಟ್ಟಿಗೇ ನೋಡ್ಬೇಕು.”

“ಒಟ್ಟಿಗೆ?” ಭೋಜ ಹುಬ್ಬು ಹಾರಿಸಿದ. “ಪರ್ಚೇಸ್‌ನಲ್ಲಿ ಒಟ್ಟಿಗೆ ಅಂತ ಇಲ್ಲ! ಒಂದೊಂದು ಐಟಮ್ಮಿಗೆ ಒಂದೊಂದು ಪಟ್ಟಿ. ಕೋವಿಗೆ ಮೂರು ಕೊಟೇಷನ್, ತೋಟೆಗೆ ಬೇರೆ ಮೂರು. ಅದೇ ಶಿಸ್ತು, ಅದೇ ಧರ್ಮ!”

ಧರ್ಮಯುದ್ಧ ಎರಡು ವಾರ ನಡೆಯಿತು. ಬಾಸ್ನಿಯಾದ ಅಂಗಡಿಗಳಿಗೆ ಈಮೇಲ್‌ಗಳ ಮಳೆ ಸುರಿಯಿತು. ಮರದ ಹಿಡಿಯದ್ದು, ಪ್ಲಾಸ್ಟಿಕ್ ಹಿಡಿಯದ್ದು, ಮೂರೂವರೆ ಕಿಲೋದ್ದು, ಮೂರು ಕಿಲೋದ್ದು! ಒಬ್ಬ ಅಂಗಡಿಯವನಿಗಂತೂ ಭೋಜ “ಮಾರಾಟಾನಂತರದ ಸೇವೆ ಎಷ್ಟು ವರ್ಷ? ತೋಟೆಗೆ ವಾರಂಟಿ ಉಂಟೇ?” ಎಂದು ಕೇಳಿದ. ಉತ್ತರ ಬರಲಿಲ್ಲ. ಆ ಅಂಗಡಿಯವನನ್ನು “ಸ್ಪಂದನೆ ಇಲ್ಲ” ಎಂಬ ಷರಾದೊಂದಿಗೆ ಅನರ್ಹಗೊಳಿಸಲಾಯಿತು.

ಒದೆತದ ವಿಷಯವನ್ನು ಮಾಲೀಕರಿಗೆ ಮನದಟ್ಟು ಮಾಡಿಸಲು ತಾಲೀಮು ಬೇಕಲ್ಲ? ಭೋಜ ನೆಲ ಒರೆಸುವ ಕೋಲನ್ನು ಭುಜಕ್ಕೆ ಆನಿಸಿ, ಒಂದು ಕಣ್ಣು ಮುಚ್ಚಿ, “ಢಂ!” ಎಂದು ತಾನೇ ಹಿಂದಕ್ಕೆ ಜಿಗಿದ. ಕೋಲಿನ ಹಿಂಬದಿ ಕಪಾಟಿಗೆ ಬಡಿಯಿತು. ಕಪಾಟಿನ ಮೇಲಿದ್ದ, ಊರಿನಿಂದ ಹದಿನೈದು ಪದರ ಪ್ಲಾಸ್ಟಿಕ್ ಸುತ್ತಿ ತಂದ ಮಾವಿನ ಮಿಡಿ ಉಪ್ಪಿನಕಾಯಿಯ ಜಾಡಿ ವೀರಮರಣವನ್ನಪ್ಪಿತು. ಹಾಲ್ ತುಂಬ ಕೆಂಪು! ಪಕ್ಕದ ಕೋಣೆಯ ಆನ್‌ಲೈನ್ ಕ್ಲಾಸಿನಿಂದ ಮಗ ಅಕ್ಷಯ್ ಇಣುಕಿ, “ಡ್ಯಾಡಿ, ಪ್ಲೀಸ್! ಐ ಆ್ಯಮ್ ಇನ್ ಕ್ಲಾಸ್!” ಎಂದು ಬಾಗಿಲು ಹಾಕಿಕೊಂಡ.

“ಕೋವಿ ಇನ್ನೂ ಬರ್ಲಿಲ್ಲ, ಅಷ್ಟರಲ್ಲೇ ಒಂದು ಬಲಿ!” ಎಂದಳು ಉಮಾವತಿ. ಉಪ್ಪಿನಕಾಯಿಗಾಗಿ ಅವಳು ಎರಡು ದಿನ ಮಾತಾಡಲಿಲ್ಲ. ಅದರಿಂದ ಭೋಜನ ಕೆಲಸ ಚುರುಕಾಯಿತು.

ಕೊನೆಗೆ ಎರಡು ಪಟ್ಟಿಗಳು ಸಿದ್ಧವಾದವು. ಒಂದರಲ್ಲಿ ಪ್ಲಾಸ್ಟಿಕ್ ಹಿಡಿಯ ಕೋವಿ ಹಸಿರಾಗಿ ಮಿಂಚಿತು. ಇನ್ನೊಂದರಲ್ಲಿ ಬೇರೆ ಊರಿನ ಬೇರೆ ಅಂಗಡಿಯ ತೋಟೆ. ಎರಡರ ಮುಂದೆಯೂ ಅಳತೆ: 7.62. ಆಹಾ, ಜಾತಕ ಕೂಡಿದಂತೆ ಕೂಡಿತು! ಅಸಲಿಗೆ ಅಂಗಡಿಯವರು ಆ ಸಂಖ್ಯೆಯ ಮುಂದೆ ಒಂದು ಗುಣಾಕಾರ ಚಿಹ್ನೆ ಹಾಕಿ ಇನ್ನೂ ಏನೋ ಬರೆದಿದ್ದರು. ಆದರೆ ಭೋಜನ ಪಟ್ಟಿಯ ಕಾಲಂ ಅಷ್ಟು ಅಗಲ ಇರಲಿಲ್ಲ. ಒಂದೇ ಪುಟದಲ್ಲಿ ಪ್ರಿಂಟ್ ಬರಬೇಕು ಎಂಬುದು ಅವನ ಇನ್ನೊಂದು ವ್ರತ. ಹಾಗಾಗಿ ಗುಣಾಕಾರ ಚಿಹ್ನೆಯಿಂದ ಆಚೆಗಿದ್ದದ್ದನ್ನೆಲ್ಲ ಅಳಿಸಿಬಿಟ್ಟಿದ್ದ.

“ಮುಮ್ತಾಝ್! ಅತ್ಯುತ್ತಮ!” ಎಂದು ಬೂ ನಾಸರ್ ಸಹಿ ಹಾಕಿ ವಿಮಾನ ಹತ್ತಿದರು.

ಮುಂದಿನ ಶುಕ್ರವಾರ ಮಧ್ಯಾಹ್ನ. ಭೋಜ ಕೋರಿ ರೊಟ್ಟಿಯ ಮೇಲೆ ಸಾರು ಹೊಯ್ದುಕೊಳ್ಳುತ್ತಿದ್ದ. ಫೋನು ಬಡಿದುಕೊಂಡಿತು. ವಿಡಿಯೋ ಕರೆ. ತೆರೆದರೆ ಪರದೆಯ ತುಂಬ ಒಂದು ಕಪ್ಪು ತೂತು.

ಅದು ಕೋವಿಯ ನಳಿಗೆಯ ಬಾಯಿ ಎಂದು ಹೊಳೆದದ್ದೇ ತಡ, ಮಹಾಬೇಟೆಗಾರ ಭೋಜ ರೊಟ್ಟಿಯ ತಟ್ಟೆ ಸಮೇತ ಸೋಫಾದ ಹಿಂದೆ ಅಡಗಿದ. ಕೋವಿ ಮೂರು ಸಾವಿರ ಕಿಲೋಮೀಟರ್ ಆಚೆ ಇತ್ತು!

“ವೇನ್ ಭೋಜ? ಎಲ್ಲಿದ್ದೀ?” ಬೂ ನಾಸರರ ಕೂಗು. “ಚಿಲಕ ಮುಚ್ಚುತ್ತಿಲ್ಲ! ತೋಟೆ ಅರ್ಧ ಹೋಗಿ ನಿಲ್ಲುತ್ತದೆ! ಹೊಸ ಬಂದೂಕು, ಖರಾಬ್ ಬಂದೂಕು!”

“ಸರ್… ಸ್ವಲ್ಪ… ಜೋರಾಗಿ ಒತ್ತಿ ಸರ್!” ಸೋಫಾದ ಹಿಂದಿನಿಂದ ತಜ್ಞರ ಸಲಹೆ ಬಂತು.

“ಒತ್ತಬೇಡಿ!”

ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದ ಉಮಾವತಿ ಫೋನನ್ನು ಎತ್ತಿಕೊಂಡಳು. ಅವಳ ಹಿಂದಿ ಫಿಂಟಾಸಿನ ತರಕಾರಿ ಅಂಗಡಿಯಲ್ಲಿ ಕಲಿತದ್ದು, ಚೌಕಾಸಿಗೆ ಹೇಳಿ ಮಾಡಿಸಿದ್ದು. “ಭಾಯಿಸಾಬ್! ಜಬರ್‌ದಸ್ತಿ ಮತ್ ಕರೋ! ಪೆಹಲೇ ಬಂದೂಕ್ ಕಾ ಮೂಂಹ್ ಉಧರ್ ಕರೋ, ಪಹಾಡ್ ಕೀ ತರಫ್!”

ಕಪ್ಪು ತೂತು ಪರದೆಯಿಂದ ಸರಿಯಿತು. ಮಾಲೀಕರ ಬೆವರಿದ ಮುಖ ಕಾಣಿಸಿತು.

“ತೋಟೆ ತೆಗೆಯಿರಿ. ನಳಿಗೆಯ ಮೇಲೆ ಎಂತ ಕೊರೆದಿದ್ದಾರೆ, ಪೂರ್ತಿ ಓದಿ.”

“ಸೆವೆನ್ ಪಾಯಿಂಟ್ ಸಿಕ್ಸ್ ಟೂ… ಇನ್‌ಟು ಫಿಫ್ಟಿ ಒನ್.”

“ಈಗ ತೋಟೆಯ ಪೆಟ್ಟಿಗೆ ಓದಿ.”

“ಸೆವೆನ್ ಪಾಯಿಂಟ್ ಸಿಕ್ಸ್ ಟೂ ಇನ್‌ಟು… ಸಿಕ್ಸ್ಟಿ ತ್ರೀ.” ಬೂ ನಾಸರ್ ನಳಿಗೆಯನ್ನೂ ಪೆಟ್ಟಿಗೆಯನ್ನೂ ಮತ್ತೆ ನೋಡಿದರು. “ವಲ್ಲಾ!”

ಉಮಾವತಿ ಸೋಫಾದ ಹಿಂದೆ ಬಗ್ಗಿ ಗಂಡನನ್ನು ನೋಡಿದಳು. “ಗುಂಡಿನ ದಪ್ಪ ಒಂದೇ ಆದ್ರೆ ಸಾಕಾ ಮಾರಾಯ್ರೆ? ತೋಟೆಯ ಉದ್ದ ನೋಡುದು ಬೇಡ್ವಾ? ಆಲ್‌ಸ್ಟನ್‌ನ ಪ್ಯಾಂಟು ನಿಮಗೆ ಸೊಂಟಕ್ಕೆ ಸರಿ ಆಗ್ತದೆ. ಹಾಕ್ಕೊಂಡು ನಾಲ್ಕು ಹೆಜ್ಜೆ ನಡೆದು ನೋಡಿ!”

ಆರಡಿಯ ಆಲ್‌ಸ್ಟನ್‌ನ ಪ್ಯಾಂಟಿನೊಳಗೆ ಐದಡಿ ಮೂರಿಂಚಿನ ತನ್ನನ್ನು ಕಲ್ಪಿಸಿಕೊಂಡ ಭೋಜನಿಗೆ ಸಿಡಿಮದ್ದಿನ ಶಾಸ್ತ್ರವೆಲ್ಲ ಒಂದೇ ಏಟಿಗೆ ಅರ್ಥವಾಯಿತು.

ಅರ್ಧ ಗಂಟೆ ಪಾಠ ನಡೆಯಿತು. ತೋಟೆ ಬದಲಿಸಬೇಕೇ ಹೊರತು ಕೋವಿಯನ್ನಲ್ಲ. ಐವತ್ತೊಂದರ ತೋಟೆ ಆ ಭುಜಕ್ಕೂ ಹಿತ, ಅಲ್ಲಿನ ಪೇಟೆಯಲ್ಲೂ ಸುಲಭ ಎಂದು ಬೂ ನಾಸರರ ಪಕ್ಕದ ಮನೆಯ ಬೇಟೆಗಾರನೂ ತಲೆಯಾಡಿಸಿದನಂತೆ. ಹಂದಿಗೆ ಹೊಡೆಯುವ ಮೊದಲು ಹಲಗೆಗೆ ಹೊಡೆದು ನೋಡಬೇಕು ಎಂದು ಉಮಾವತಿ ತಾಕೀತು ಮಾಡಿದಳು. ಬೂ ನಾಸರ್ ಎಲ್ಲವನ್ನೂ ಬರೆದುಕೊಂಡರು. ಹದಿನಾಲ್ಕು ವರ್ಷಗಳಲ್ಲಿ ಭೋಜ ಹೇಳಿದ ಒಂದು ಮಾತನ್ನೂ ಅವರು ಬರೆದುಕೊಂಡಿರಲಿಲ್ಲ.

ಮಂಗಳವಾರ ಫೋಟೋ ಬಂತು. ಪ್ಲಮ್ ಮರದಡಿ ಒಂದು ಹಂದಿ. ಅದಕ್ಕಿಂತ ಹತ್ತು ಮಾರು ದೂರ, ಮೂಗು ಮುಚ್ಚಿಕೊಂಡು, ವಿಜಯದ ಬೆರಳು ತೋರಿಸುತ್ತಿರುವ ಬೂ ನಾಸರ್. ಫೋಟೋ ಬಂದದ್ದು ಉಮಾವತಿಯ ಫೋನಿಗೆ.

ಮರುವಾರ ಶರ್ಕಿನ ಆಫೀಸಿನಲ್ಲಿ ಭೋಜನ ರಜೆ ಅರ್ಜಿ ಸಹಿಯಾಗಿ ಬಂತು. ಮೇ ತಿಂಗಳು, ಮೂವತ್ತು ದಿನ! ಷರಾ ಕಾಲಂನಲ್ಲಿ ಬೂ ನಾಸರ್ ಸ್ವಹಸ್ತದಿಂದ ಬರೆದಿದ್ದರು: “ಮೇಡಂ ಅವರಿಗೆ ಮಂಜೂರು. ಸಾಮಾನು ಹೊರಲು ಭೋಜನೂ ಹೋಗಬಹುದು.” ಆಲ್‌ಸ್ಟನ್ ಅದನ್ನು ನೋಡಿ, “ಭೋಜಣ್ಣ, ಆ ಗೇರುಮರದ ಕತೆ ಅತ್ತಿಗೆ ಫೋನಿನಲ್ಲಿ ಹೇಳಿದ್ರು ಬೂ ನಾಸರ್‌ಗೆ. ಅವರು ನಗಾಡಿ ನಗಾಡಿ ಕುರ್ಚಿಯಿಂದ ಬಿದ್ರಂತೆ. ಅದಕ್ಕೇ ನಮ್ಮಿಬ್ಬರಿಗೂ ರಜೆ!” ಎಂದ.

ಅವಮಾನ ನೀಗಿಸಲು ಏನಾದರೂ ಗಂಡಸುತನದ ಕೆಲಸ ಮಾಡಲೇಬೇಕಿತ್ತು. ಭೋಜ ಮಿರ್ಕಾಬ್ ಪೇಟೆಯ ಮೂರು ಅಂಗಡಿ ಸುತ್ತಿ, ಅತಿ ಕಡಿಮೆಯದ್ದೇ ಒಂದು ಚಿಲಕ ತಂದು, ಬಾತ್‌ರೂಮಿನ ಬಾಗಿಲಿಗೆ ಜಡಿದು ನೂಕಿದ. ಚಿಲಕ ಚೌಕಟ್ಟಿನ ತೂತು ಮುಟ್ಟದೆ ಎರಡು ಬೆರಳಿನಷ್ಟು ಮೊದಲೇ ನಿಂತಿತು.

“ಮೂರು ಕಡೆ ವಿಚಾರಿಸಿ ಕಡಿಮೆಯದ್ದನ್ನು ಆರಿಸುವುದರಲ್ಲಿ ಎಂತ ತಪ್ಪುಂಟು, ನೀನೇ ಹೇಳು!” ಸ್ಕ್ರೂಡ್ರೈವರ್ ನೆಲಕ್ಕೆಸೆದು ಭೋಜ ಗೋಗರೆದ.

ಮದುವೆಗೆ ಸೀರೆ ಮಡಚುತ್ತಿದ್ದ ಉಮಾವತಿ ತಲೆಯೆತ್ತಲಿಲ್ಲ.

“ತಪ್ಪೇನಿಲ್ಲ ಮಾರಾಯ್ರೆ. ನನಗೂ ಮೂರು ಸಂಬಂಧ ಬಂದಿತ್ತು. ಒಬ್ಬರು ಡಾಕ್ಟರ್, ಒಬ್ಬರು ಬ್ಯಾಂಕಿನವರು. ಕೋವಿಗೆ ಅಷ್ಟೆಲ್ಲ ನೋಡಿ ತಗೊಂಡ ಅಪ್ಪ, ಅಳಿಯನನ್ನು ಆರಿಸುವಾಗ ಮಾತ್ರ ನಿಮ್ಮ ಹಾಗೇ ಮಾಡಿದ್ರು.”