ಫೈಲಿಗೂ ಅಡ್ಡಹೆಸರು ಕೇಳುವ ಅತ್ತೆ

ನಮ್ಮ ಅತ್ತೆಯ ಎದುರು ಯಾವ ವಿಡಿಯೋ ಕೂಡ ತನ್ನ ಕುಲಗೋತ್ರ ಹೇಳದೆ ಓಡಿದ್ದಿಲ್ಲ. ತಮಾಷೆ ಅಂದುಕೊಂಡಿರಾ? ಇಚಲಕರಂಜಿಯ ಅವಳ ಮನೆಗೆ ಒಂದು ಪೆನ್‌ಡ್ರೈವ್ ಹಿಡಿದುಕೊಂಡು ಹೋಗಿ ನೋಡಿ. ನೀರು ಕೊಡುವ ಮೊದಲು ನಿಮ್ಮ ಅಡ್ಡಹೆಸರು ಕೇಳುತ್ತಾಳೆ, ನೀರು ಕೊಟ್ಟ ಮೇಲೆ ಫೈಲಿನದು.

"ಇದರ ಆಡನಾವ ಏನ?"

ಆಡನಾವ ಎಂದರೆ ಮರಾಠಿಯಲ್ಲಿ ಅಡ್ಡಹೆಸರು, ಮನೆತನದ ಹೆಸರು. ಫೈಲಿನ ಹೆಸರಿನ ತುದಿಗೆ, ಚುಕ್ಕೆಯ ಆಚೆ, ಎಂಪಿ ಫೋರ್, ಎವಿಐ, ಎಂಕೆವಿ ಎಂದು ಏನೋ ಅಂಟಿಕೊಂಡಿರುತ್ತದಲ್ಲ, ಜಗತ್ತು ಅದನ್ನು ಫಾರ್ಮ್ಯಾಟ್ ಎನ್ನಲಿ, ಮತ್ತೇನಾದರೂ ಎನ್ನಲಿ, ಅತ್ತೆಗೆ ಅದು ಆಡನಾವ. ಅದೊಂದು ಗೊತ್ತಾದರೆ ಸಾಕು, ಯಾವ ಮನೆತನದ್ದು, ಯಾವ ಕಾಲದ್ದು, ಯಾರ ಜೊತೆ ಹೊಂದುತ್ತದೆ, ಯಾರ ಜೊತೆ ಜಗಳ ತೆಗೆಯುತ್ತದೆ, ಎಲ್ಲ ಹೇಳಿಬಿಡುತ್ತಾಳೆ. ನಮ್ಮ ಸಮಾಜದ ಅರ್ಧ ಮದುವೆಗಳನ್ನು ಕೂಡಿಸಿದವಳು ಅವಳು. ಕಂಪ್ಯೂಟರಿನ ಮುಂದೆ ಕೂತರೆ ಆ ಅಭ್ಯಾಸ ಬಿಟ್ಟುಹೋಗುತ್ತದೆಯೇ?

ಲ್ಯಾಪ್‌ಟಾಪ್ ಕಂಪ್ಯೂಟರ್ ತಂದದ್ದು ಅವಳ ಗಂಡ, ನಮ್ಮ ಮಾಮಾ, ತನ್ನ ಬಟ್ಟೆ ವ್ಯಾಪಾರಕ್ಕೆಂದು. ಈಗ ಅವನು ಅದನ್ನು ಮುಟ್ಟಬೇಕಾದರೆ ಕೇಳಿಯೇ ಮುಟ್ಟಬೇಕು. ಪರದೆಯ ತುಂಬ ವಿಡಿಯೋ ಓಡಿಸುವ ಪ್ಲೇಯರುಗಳು. ಕಂಪ್ಯೂಟರಿನ ಜೊತೆಗೇ ಬಂದದ್ದು ತನ್ನವರನ್ನು ಬಿಟ್ಟು ಬೇರೆಯವರನ್ನು ಮುಟ್ಟುವುದಿಲ್ಲ, ಆದ್ದರಿಂದ ಅದರ ಹೆಸರು 'ಮಡಿಯಜ್ಜಿ'. ಎಲ್ಲ ಅಡ್ಡಹೆಸರಿನವರಿಗೂ ಬಾಗಿಲು ತೆರೆಯುವುದು 'ಧರ್ಮಶಾಲೆ'. ಚಿತ್ರ ಹಿಗ್ಗಿಸಿ, ಬಣ್ಣ ಬಳಿದು, ತೋರಿಸುವ ಮೊದಲು ಮೆರೆಯುವ ಇನ್ನೊಂದು 'ಬೀಗತಿ'. ಹಳೆಯದಾಗಿ, ಬಡಕಲಾಗಿ, ಹೇಳಿದಷ್ಟನ್ನೇ ಮಾಡುವ ಮತ್ತೊಂದಕ್ಕೆ ಹೆಸರೇ ಇಟ್ಟಿರಲಿಲ್ಲ.

"ಧರ್ಮಶಾಲೆಯೊಂದರಲ್ಲೇ ಎಲ್ಲ ಓಡ್ತಾವಲ್ಲ ಅತ್ತಿ, ಉಳದದ್ದು ಯಾಕ ಬೇಕು?" ಎಂದು ಒಮ್ಮೆ ಕೇಳಿದೆ.

"ಧರ್ಮಶಾಲಾ ಐತಿ ಅಂತ ಮನಿ ಮಂದೀನೆಲ್ಲಾ ಅಲ್ಲೇ ಮಲಗಸ್ತೀಯೇನ?" ಎಂದಳು.

ಪಕ್ಕದಲ್ಲಿ ಪೇಪರ್ ಓದುತ್ತಿದ್ದ ಮಾಮಾ, "ನನ್ನನ್ನ ಯಾವ ಪ್ಲೇಯರಿನ್ಯಾಗ ಹಾಕಿದ್ರ ಓಡತೇನಿ, ಅದನ್ನೂ ನೋಡಿ ಇಡ," ಎಂದ.

"ನಿಮ್ಮದು ಓಡೂ ಆಡನಾವ ಅಲ್ಲ ಬಿಡ್ರಿ," ಎಂದು ಅತ್ತೆ ಕೆಲಸ ಮುಂದುವರಿಸಿದಳು.

ಇನ್ನೊಂದು ಸಲ ದತ್ತವಾಡದಿಂದ ಒಬ್ಬ ಕಬ್ಬಿನ ಸಾಹುಕಾರರು ಬಂದರು. ಮಗನ ಮದುವೆಯ ವಿಡಿಯೋ ಮನೆಯ ಟಿವಿಯಲ್ಲಿ ತೆರೆಯಲಿಲ್ಲವಂತೆ. ಯಾರೋ ಬುದ್ಧಿವಂತರು ಹೇಳಿದರೆಂದು ಅವರು ಫೈಲಿನ ಹೆಸರಿನ ತುದಿಯ ಎಂಕೆವಿ ಅಳಿಸಿ ಎಂಪಿ ಫೋರ್ ಎಂದು ಬರೆದಿದ್ದರು. ಈಗ ಟಿವಿಯಲ್ಲಿ ಚಿತ್ರ ಬರುತ್ತಿದೆ, ದನಿ ಇಲ್ಲ. ಅತ್ತೆ ಹಣೆಗೆ ಕೈ ಹಚ್ಚಿಕೊಂಡಳು.

"ಆಡನಾವ ಬದಲಿಸಿದ್ರ ಒಳಗಿನ ಮನಷ್ಯಾ ಬದಲಾಕ್ಕಾನೇನ್ರಿ? ಅದು ಡಬ್ಬಿ ಮ್ಯಾಲಿನ ಚೀಟಿ ಅಷ್ಟ. ಒಳಗ ಚಿತ್ರದ ಭಾಷಾ ಒಂದು, ದನಿ ಭಾಷಾ ಇನ್ನೊಂದು. ನಿಮ್ಮ ಟಿವಿಗೆ ಚಿತ್ರದ ಭಾಷಾ ತಿಳಿತೈತಿ, ದನೀದು ತಿಳ್ಯಂಗಿಲ್ಲ. ಕುಂದರ್ರಿ, ಸರಿ ಮಾಡಿಕೊಡತೇನಿ."

ಸಾಹುಕಾರರು, "ಬ್ಯಾಡ ಬಿಡ್ರಿ ಅಕ್ಕಾರ. ನಮ್ಮ ಬೀಗರು ಬಾಯಿ ತಗದ್ರೂ ಏನೂ ಕೇಳಸಂಗಿಲ್ಲ. ಭಾಳ ಚಲೋ ಐತಿ," ಎಂದು ಪೆನ್‌ಡ್ರೈವ್ ಜೇಬಿಗೆ ಹಾಕಿಕೊಂಡು ಹೊರಟೇಬಿಟ್ಟರು.

ಇಂಥ ಅತ್ತೆಯನ್ನು ನೋಡಿ ನಾವು ಮನೆಮಂದಿಯೆಲ್ಲ ಸೇರಿ ನಕ್ಕಿದ್ದೇ ನಕ್ಕಿದ್ದು. ಹಾಗೆ ನಗುವುದರಲ್ಲಿ ಎಲ್ಲರಿಗಿಂತ ಮುಂದೆ ಅಪ್ಪ, ಅವಳ ತಮ್ಮ. ಗಡಹಿಂಗ್ಲಜದ ನಮ್ಮ ಮನೆಯಲ್ಲಿ ಅವನು ನಕ್ಕರೆ ಓಣಿಯ ತುದಿಗೆ ಕೇಳುತ್ತಿತ್ತು. ಹೋದ ಮಳೆಗಾಲದಲ್ಲಿ ಅವನಿಗೆ ಲಕ್ವಾ ಹೊಡೆಯಿತು. ಕೈಕಾಲು ತಕ್ಕಮಟ್ಟಿಗೆ ಸುಧಾರಿಸಿದವು, ಮಾತು ತೊದಲಾಯಿತು. ಕೊಲ್ಹಾಪುರದ ಡಾಕ್ಟರು ಸ್ಪಷ್ಟವಾಗಿಯೇ ಹೇಳಿದರು: ಮಾತಾಡುತ್ತಾ ಹೋದರೆ ಮಾತು ಬರುತ್ತದೆ, ಸುಮ್ಮನೆ ಕೂತರೆ ಇರುವುದೂ ಹೋಗುತ್ತದೆ. ಆದರೆ ಒಂದು ದಿನ ಯಾರಿಗೋ ಅಪ್ಪನ ಮಾತು ಅರ್ಥವಾಗದೆ, "ಏನಂದ್ರಿ, ಏನಂದ್ರಿ?" ಎಂದು ಕೇಳಿದ್ದೇ ನೆಪವಾಯಿತು. ಅಂದಿನಿಂದ ಅಪ್ಪ ಬಾಯಿ ಮುಚ್ಚಿಬಿಟ್ಟ. ನೀರು ಬೇಕಾದರೆ ಬೆರಳು, ಚಹಾ ಬೇಡವಾದರೆ ಅಂಗೈ. ಆ ಮನೆಯಲ್ಲಿ ಹೊತ್ತು ಕಳೆಯುವುದು ನನಗೆ ತುಂಬ ಕಷ್ಟವಾಗುತ್ತಿತ್ತು.

ಹೀಗಿರುವಾಗ ಅಮ್ಮನ ಡಬ್ಬಿಯೊಂದರಲ್ಲಿ ಹಳೇ ಫೋನಿನ ಮೆಮೊರಿ ಕಾರ್ಡ್ ಸಿಕ್ಕಿತು. ಅದರಲ್ಲಿ ಒಂದು ತುಣುಕು, ತ್ರೀಜಿಪಿ ಎಂಬ ಅಡ್ಡಹೆಸರಿನದು. ನೂಲ ಊರಿನ ನಮ್ಮ ಹೊಲದಲ್ಲಿ ಅಪ್ಪ ಕಬ್ಬು ಹಿಡಿದು ನಿಂತು ಏನೋ ಹೇಳುತ್ತಿದ್ದಾನೆ. ನನ್ನ ಫೋನಿನಲ್ಲಿ ತೆರೆದೆ, ತುಟಿ ಆಡಿತು, ದನಿಯಿಲ್ಲ. ಟಿವಿಯಲ್ಲೂ ಅದೇ ಪಾಡು. ಅಲ್ಲಿಯೂ ಅಪ್ಪ ಮೂಕ. ಅತ್ತೆಗೆ ಫೋನ್ ಮಾಡಿದೆ.

"ಆಡನಾವ ತ್ರೀಜಿಪಿ ಏನ? ಹಳೇ ಫೋನಿನ ದನಿ ಬ್ಯಾರೇನ ಇರತೈತಿ. ನಾ ಬರೂತನಕ ಯಾರೂ ಅದನ್ನ ಮುಟ್ಟಬ್ಯಾಡ್ರಿ," ಎಂದವಳೇ ಮರುದಿನ ಲ್ಯಾಪ್‌ಟಾಪಿನ ಚೀಲ ಹೆಗಲಿಗೇರಿಸಿಕೊಂಡು ಎಸ್‌ಟಿ ಬಸ್ಸಿನಿಂದ ಇಳಿದಳು.

ಒಳಗಿನ ಕೋಣೆಯಲ್ಲಿ ಕೂತು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಧರ್ಮಶಾಲೆಯಲ್ಲಿ ತೆರೆದಳು. ಅವಳ ಮುಖ ಅರಳಿದ್ದನ್ನು ನೋಡಿಯೇ ದನಿ ಬಂತೆಂದು ತಿಳಿಯಿತು. ನನಗೆ ನಿಜಕ್ಕೂ ಬೆರಗಾಯಿತು. ಆದರೆ ಅವಳು ಏಳಲಿಲ್ಲ! ಬೀಗತಿಯಲ್ಲಿ ತೆರೆದಳು, ಮುಚ್ಚಿದಳು. ಬೇರೊಂದರಲ್ಲಿ ತೆರೆದು ಕೊನೆಯವರೆಗೆ ನೋಡಿ, ಬೇಡವೆಂಬಂತೆ ತಲೆಯಾಡಿಸಿ ಮುಚ್ಚಿದಳು. ದನಿ ಬಂದ ಮೇಲೆ ಇನ್ನೇನು ಪರೀಕ್ಷೆ? ನಾನು ಬಾಗಿಲಲ್ಲಿ ನಿಂತು ಚಡಪಡಿಸುತ್ತಿದ್ದೆ. ಕೊನೆಗೆ ಆ ಹೆಸರಿಲ್ಲದ ಬಡಕಲು ಪ್ಲೇಯರನ್ನು ಆರಿಸಿ, ಲ್ಯಾಪ್‌ಟಾಪನ್ನು ಅಪ್ಪನ ಮುಂದೆ ತಂದಿಟ್ಟಳು.

ಓಣಿಯ ತುದಿಗೆ ಕೇಳುತ್ತಿದ್ದ ದನಿ ಹೊರಬಂತು. "ಏ ಅಕ್ಕಾ, ಆ ಫೋನ್ ಕೆಳಗ ಇಡ, ಕಬ್ಬ ತಿನ್ನ. ಹಲ್ಲ ಗಟ್ಟಿ ಅದಾವೋ ಇಲ್ಲೋ ನೋಡೂಣು." ಆಮೇಲೆ ಒಂದು ದೊಡ್ಡ ನಗು. ಅಷ್ಟಕ್ಕೇ ಮುಗಿದು ಪರದೆ ಕಪ್ಪಾಯಿತು.

ಅಪ್ಪ ಕಪ್ಪು ಪರದೆಯನ್ನೇ ನೋಡುತ್ತಾ ಕೂತ. ನಂತರ ಬೆರಳು ಎತ್ತಿ ಲ್ಯಾಪ್‌ಟಾಪ್ ತೋರಿಸಿದ. ಅತ್ತೆ ಸೆರಗಿನ ಚುಂಗು ಸರಿಮಾಡಿಕೊಳ್ಳುತ್ತಾ ಕಿಟಕಿಯ ಕಡೆ ನೋಡಿದಳು. ಅವನು ಮತ್ತೆ ತೋರಿಸಿದ. ಅವಳು ಆಗಲೂ ನೋಡಲಿಲ್ಲ. ನಾನು ಕೈ ಚಾಚಿದರೆ ನನ್ನ ಕೈಯನ್ನು ಸರಿಸಿದಳು.

"ಹ... ಹಚ್ಚ," ಎಂದ ಅಪ್ಪ.

ಅತ್ತೆ ಹಚ್ಚಿದಳು. ಮತ್ತೆ ಹೊಲ, ಕಬ್ಬು, ನಗು, ಮತ್ತೆ ಕಪ್ಪು. ನನಗೆ ತಡೆಯಲಾಗಲಿಲ್ಲ. "ಅತ್ತಿ, ತಾನ ತಿರುಗಿ ತಿರುಗಿ ಹತ್ತೂವಂಗ ಮಾಡಾಕ ಬರತೈತಲ್ಲ?" ಎಂದೆ.

"ಉಳದ ಎಲ್ಲಾದ್ರಾಗೂ ಬರತೈತಿ. ಇದೊಂದರಾಗ ಬರಂಗಿಲ್ಲ," ಎಂದು ಪಿಸುಗುಟ್ಟಿದಳು. "ಅದಕ್ಕ ಇದನ್ನ ತಂದೇನಿ. ಪ್ರತಿ ಸಲಾ ಅವನೇ ಬಾಯಿಬಿಟ್ಟು ಕೇಳಬೇಕು."

ಅವಳ ಕಣ್ಣುಗಳು ತುಂಬಿದ್ದವು, ನನ್ನವೂ. ಅಪ್ಪ ಇಬ್ಬರನ್ನೂ ನೋಡಿದ. ಈ ಸಲ ಬೆರಳು ಎತ್ತಲಿಲ್ಲ.

"ಹಚ್ಚ... ಅಕ್ಕಾ."